ಟ್ರೌಟ್ ಹಸಿವಿಗೆ ಕಚ್ಚುತ್ತದೆ, ಸಾಲ್ಮನ್ ಯಾಕೆ ಕಚ್ಚುತ್ತದೆ?

ಒಂದು ತಣ್ಣನೆಯ ಹೊಳೆ, ಅದರಲ್ಲಿ ಒಂದು ಮಡು. ಮಡುವಿನ ತಳದಲ್ಲಿ, ಬಂಡೆಯ ಪಕ್ಕ ಎರಡು ಮೀನು ಸೆಳವಿಗೆ ಮುಖ ಕೊಟ್ಟು ನಿಂತಿವೆ ಅಂದುಕೊಳ್ಳಿ. ಒಂದು ಟ್ರೌಟ್, ಇನ್ನೊಂದು ಸಾಲ್ಮನ್. ದಡದಿಂದ ನೋಡಿದರೆ ಒಂದು ಚಿಕ್ಕದು, ಒಂದು ದೊಡ್ಡದು, ಅಷ್ಟೇ. ಆದರೆ ಟ್ರೌಟ್ ದಿನವಿಡೀ ಏನಾದರೂ ತಿನ್ನುತ್ತಲೇ ಇರುತ್ತದೆ. ಸಾಲ್ಮನ್ ಮಾತ್ರ ಸಮುದ್ರ ಬಿಟ್ಟು ಹೊಳೆಗೆ ಬಂದ ಮೇಲೆ ಊಟ ಬಿಟ್ಟಿದೆ, ಮೊಟ್ಟೆ ಇಡುವ ತನಕ ಮತ್ತೆ ತಿನ್ನುವುದೂ ಇಲ್ಲ. ವರ್ಷದ ಆರಂಭದಲ್ಲೇ ಹೊಳೆ ಹತ್ತಿದ ಮೀನಿಗೆ ಇದು ಆರು ತಿಂಗಳಿಗೂ ಮೀರಿದ ಉಪವಾಸ.

ಈ ಒಂದು ವಿಷಯ ತಲೆಗೆ ಹತ್ತಿದರೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಹೊಳೆಯಲ್ಲಿ ಎಲ್ಲಿ ನಿಲ್ಲಬೇಕು, ಗಾಳಕ್ಕೆ ಏನು ಕಟ್ಟಬೇಕು, ಮೀನು ಬಾಯಿ ಹಾಕಿದಾಗ ಕೋಲು ಎತ್ತಬೇಕಾ ಸುಮ್ಮನಿರಬೇಕಾ, ಯಾವ ದಿನ ಗಾಳವನ್ನೇ ಹಾಕಬಾರದು, ಇವೆಲ್ಲಕ್ಕೂ ಉತ್ತರ ಅಲ್ಲಿಂದಲೇ ಬರುತ್ತದೆ. ಹೊಸಬರು ಟ್ರೌಟ್ ಹಿಡಿಯುವ ಬುದ್ಧಿಯನ್ನೇ ತೆಗೆದುಕೊಂಡು ಸಾಲ್ಮನ್ ಹಿಡಿಯಲು ಹೋಗುತ್ತಾರೆ. ಅಲ್ಲೇ ತಪ್ಪುವುದು.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಎರಡೂ ಒಂದೇ ಕುಟುಂಬದ ಮೀನುಗಳು. ಅಟ್ಲಾಂಟಿಕ್ ಸಾಲ್ಮನ್ ಮತ್ತು ಯುರೋಪಿನ ಬ್ರೌನ್ ಟ್ರೌಟ್ ಇನ್ನೂ ಹತ್ತಿರದ ನೆಂಟರು, ಎರಡೂ 'ಸಾಲ್ಮೋ' ಅನ್ನುವ ಒಂದೇ ಕುಲಕ್ಕೆ ಸೇರಿದವು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಚಿನೂಕ್, ಕೋಹೋ, ಸಾಕೈ, ಪಿಂಕ್, ಚಮ್ ಎಂಬ ಐದು ಸಾಲ್ಮನ್‌ಗಳದು ಬೇರೆ ಕುಲ, 'ಆಂಕೊರಿಂಕಸ್'. ರೇನ್‌ಬೋ ಟ್ರೌಟ್ ಹೆಸರಿಗೆ ಟ್ರೌಟ್ ಆದರೂ ಈ ಪೆಸಿಫಿಕ್ ಸಾಲ್ಮನ್‌ಗಳ ಮನೆಯದೇ. ವಿಜ್ಞಾನಿಗಳು ಅದನ್ನು ಸಾಲ್ಮೋದಿಂದ ತೆಗೆದು ಆಂಕೊರಿಂಕಸ್‌ಗೆ ಸೇರಿಸಿದ್ದು 1989ರಲ್ಲಿ. ಬ್ರುಕ್ ಟ್ರೌಟ್ ಅಂತ ಕರೆಯುವ ಚಂದದ ಮೀನಂತೂ ಟ್ರೌಟೂ ಅಲ್ಲ, ಸಾಲ್ಮನ್ನೂ ಅಲ್ಲ, 'ಚಾರ್' ಅನ್ನುವ ಮೂರನೇ ಗುಂಪಿನದು.

ಇದಕ್ಕಿಂತ ಸ್ವಾರಸ್ಯದ ವಿಷಯ ಇನ್ನೊಂದಿದೆ. ಬ್ರೌನ್ ಟ್ರೌಟ್ ಮತ್ತು ಸೀ ಟ್ರೌಟ್ ಎರಡು ಜಾತಿಗಳಲ್ಲ. ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ಮರಿಗಳಲ್ಲಿ ಕೆಲವು ಹೊಳೆಯಲ್ಲೇ ಉಳಿದು ಕಂದು ಮೈ, ಕೆಂಪು ಚುಕ್ಕೆಯ ಟ್ರೌಟ್ ಆಗುತ್ತವೆ, ಕೆಲವು ಸಮುದ್ರಕ್ಕಿಳಿದು ಬೆಳ್ಳಿಯಂತೆ ಹೊಳೆಯುತ್ತ ಎಷ್ಟೋ ಪಟ್ಟು ದೊಡ್ಡದಾಗಿ ಹಿಂತಿರುಗುತ್ತವೆ. ಸಮುದ್ರಕ್ಕೆ ಹೋಗುವವರಲ್ಲಿ ಹೆಣ್ಣು ಜಾಸ್ತಿ, ಯಾಕೆಂದರೆ ಮೈ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ರೇನ್‌ಬೋ ಟ್ರೌಟ್ ಮತ್ತು ಸಮುದ್ರಕ್ಕೆ ಹೋಗಿಬರುವ ಅದರ ರೂಪವಾದ ಸ್ಟೀಲ್‌ಹೆಡ್ ಕತೆಯೂ ಇದೇ. ಅಂದರೆ ಟ್ರೌಟ್‌ಗೆ ಸಮುದ್ರ ಅನ್ನುವುದು ಒಂದು ಆಯ್ಕೆ, ಬೇಕಿದ್ದರೆ ಹೋಗಬಹುದು, ಇಲ್ಲದಿದ್ದರೆ ಹೊಳೆಯಲ್ಲೇ ಬದುಕಬಹುದು. ಅಟ್ಲಾಂಟಿಕ್ ಸಾಲ್ಮನ್‌ನಲ್ಲೂ ಕೆರೆ ಸರೋವರಗಳಲ್ಲೇ ಉಳಿದುಬಿಟ್ಟ ಕೆಲವು ಗುಂಪುಗಳಿವೆ, ಆದರೆ ಹೆಚ್ಚಿನವಕ್ಕೆ ಸಮುದ್ರ ಬೇಕೇ ಬೇಕು.

ಇದಕ್ಕೆ ಒಳ್ಳೆಯ ಸಾಕ್ಷಿ ಆಸ್ಟ್ರೇಲಿಯಾದ ದ್ವೀಪ ಟ್ಯಾಸ್ಮೇನಿಯಾ. 1864ರಲ್ಲಿ 'ನಾರ್ಫೋಕ್' ಎಂಬ ಹಡಗಿನಲ್ಲಿ, ಪಾಚಿಯ ಮಧ್ಯೆ ಇಟ್ಟು, ಐಸ್‌ನಲ್ಲಿ ತಂಪು ಮಾಡಿ, ಇಂಗ್ಲೆಂಡಿನಿಂದ ಅಲ್ಲಿಗೆ ಸಾಲ್ಮನ್ ಮೊಟ್ಟೆಗಳನ್ನು ಸಾಗಿಸಿದರು. ಜೊತೆಗೆ ಒಂದಿಷ್ಟು ಬ್ರೌನ್ ಟ್ರೌಟ್ ಮೊಟ್ಟೆಗಳೂ ಹೋದವು. ಎಲ್ಲರ ಕಣ್ಣು ಸಾಲ್ಮನ್ ಮೇಲಿತ್ತು. ಸಾಲ್ಮನ್ ಅಲ್ಲಿ ನೆಲೆಯೂರಲೇ ಇಲ್ಲ. ಟ್ರೌಟ್ ಮಾತ್ರ ಹೊಳೆಯಿಂದ ಹೊಳೆಗೆ ಹಬ್ಬಿತು, ಅಲ್ಲಿಂದ ನ್ಯೂಜಿಲೆಂಡ್‌ಗೂ ಹೋಯಿತು. ಟ್ರೌಟ್‌ಗೆ ತಣ್ಣನೆಯ ಒಂದು ಹೊಳೆ ಸಾಕು. ಸಾಲ್ಮನ್‌ಗೆ ಹೊಳೆಯೂ ಬೇಕು, ಸರಿಯಾದ ಸಮುದ್ರವೂ ಬೇಕು, ಎರಡರ ನಡುವೆ ಹೋಗಿಬರುವ ದಾರಿಯೂ ಬೇಕು.

ಆ ದಾರಿ ಶುರುವಾಗುವುದು ಜಲ್ಲಿಕಲ್ಲಿನ ಅಡಿಯಲ್ಲಿ. ಚಳಿ ಶುರುವಾಗುವ ಹೊತ್ತಿಗೆ ಹೆಣ್ಣು ಮೀನು ಮಗ್ಗುಲಾಗಿ ಮಲಗಿ ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡುತ್ತದೆ, ಮೊಟ್ಟೆ ಇಟ್ಟು ಮತ್ತೆ ಮುಚ್ಚುತ್ತದೆ. 5 ಡಿಗ್ರಿ ನೀರಿನಲ್ಲಿ ಮೊಟ್ಟೆ ಒಡೆಯಲು ಸುಮಾರು ಮೂರು ತಿಂಗಳು ಬೇಕು. ಅಷ್ಟು ದಿನವೂ ಕಲ್ಲುಗಳ ಸಂದಿನಲ್ಲಿ ತಾಜಾ ನೀರು ಹರಿಯುತ್ತಲೇ ಇರಬೇಕು. ಮೇಲಿನ ಹೊಲದಿಂದಲೋ ರಸ್ತೆ ಕೆಲಸದಿಂದಲೋ ಬಂದ ಹೂಳು ಸಂದಿನಲ್ಲಿ ಕೂತರೆ ಮೊಟ್ಟೆಗಳು ಉಸಿರುಗಟ್ಟಿ ಸಾಯುತ್ತವೆ, ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ಒಡೆದ ಮರಿ ಹೊಟ್ಟೆಯಡಿ ಹಳದಿ ಚೀಲ ಹೊತ್ತುಕೊಂಡು ಕೆಲವು ವಾರ ಜಲ್ಲಿಯೊಳಗೇ ಇರುತ್ತದೆ. ಆಮೇಲೆ ಮೇಲೆ ಬಂದು, ಒಂದೆರಡು ಅಂಗುಲ ಬೆಳೆದಾಗ, ಯಾರೋ ಬೆರಳೊತ್ತಿದ ಹಾಗೆ ಎರಡೂ ಮಗ್ಗುಲಲ್ಲಿ ಕಪ್ಪು ಗುರುತು ಸಾಲಾಗಿ ಮೂಡುತ್ತದೆ. ಈ ಹಂತಕ್ಕೆ 'ಪಾರ್' ಅನ್ನುತ್ತಾರೆ. ಈ ವಯಸ್ಸಿನಲ್ಲಿ ಟ್ರೌಟ್ ಮರಿಯೋ ಸಾಲ್ಮನ್ ಮರಿಯೋ ಅಂತ ಹೇಳಲು ಪಳಗಿದ ಕಣ್ಣೇ ಬೇಕು. ಗಾಳಕ್ಕೆ ಸಿಕ್ಕಿದ ಪುಟಾಣಿ 'ಟ್ರೌಟ್' ಎಷ್ಟೋ ಸಲ ಸಾಲ್ಮನ್ ಮರಿಯಾಗಿರುತ್ತದೆ, ಹಾಗಾಗಿ ಚಿಕ್ಕದನ್ನು ಮರುಮಾತಿಲ್ಲದೆ ನೀರಿಗೆ ಬಿಡಬೇಕು.

ಒಂದರಿಂದ ನಾಲ್ಕು ವರ್ಷದ ಒಳಗೆ, ಹೆಚ್ಚಾಗಿ ಒಂದು ವಸಂತದಲ್ಲಿ, ಸಾಲ್ಮನ್ ಮರಿಯ ಮೈ ಬೆಳ್ಳಿಯಾಗುತ್ತದೆ. ಒಳಗೆ ಕಿವಿರೂ ಮೂತ್ರಪಿಂಡವೂ ಉಪ್ಪುನೀರಿಗೆ ಸಜ್ಜಾಗುತ್ತವೆ. ಇದು 'ಸ್ಮೋಲ್ಟ್'. ಅದು ಹೊಳೆ ಇಳಿಯುವ ಆ ಕೆಲವು ವಾರಗಳಲ್ಲೇ ಹುಟ್ಟೂರಿನ ನೀರಿನ ವಾಸನೆ ಅದರ ನೆನಪಿನಲ್ಲಿ ಅಚ್ಚಾಗುವುದು.

ವಾಸನೆ ಅಂತ ಸುಮ್ನೆ ಹೇಳುತ್ತಿಲ್ಲ. ಆರ್ಥರ್ ಹ್ಯಾಸ್ಲರ್ ಎಂಬ ಅಮೆರಿಕದ ವಿಜ್ಞಾನಿ ತಾನು ಬೆಳೆದ ಯೂಟಾದ ಬೆಟ್ಟದಲ್ಲಿ ಒಮ್ಮೆ ನಡೆಯುವಾಗ, ಮರೆಯಲ್ಲಿದ್ದ ಜಲಪಾತದ ಕಡೆಯಿಂದ ಪಾಚಿ ಮತ್ತು ಕಾಡುಹೂವಿನ ವಾಸನೆ ಬಂತು. ಬಾಲ್ಯದ ಎಷ್ಟೋ ನೆನಪುಗಳು ಒಮ್ಮೆಲೇ ಮರಳಿದವು. ನನಗೇ ಹೀಗಾದರೆ ಮೀನಿಗೂ ಆಗಬಾರದೇಕೆ ಅನ್ನುವ ಪ್ರಶ್ನೆ ಅಲ್ಲಿ ಹುಟ್ಟಿತು. 1950ರ ದಶಕದಲ್ಲಿ ಅವರು ಮತ್ತು ವಾರೆನ್ ವಿಸ್ಬಿ ಸೇರಿ ವಾಷಿಂಗ್ಟನ್ ರಾಜ್ಯದ ಇಸಾಕ್ವಾ ತೊರೆಯಲ್ಲಿ ಒಂದು ಪ್ರಯೋಗ ಮಾಡಿದರು. ತೊರೆ ಎರಡಾಗಿ ಕವಲೊಡೆಯುವ ಜಾಗ ಅದು. ಎರಡೂ ಕವಲಿಗೆ ಮರಳಿದ್ದ ಕೋಹೋ ಸಾಲ್ಮನ್‌ಗಳನ್ನು ಹಿಡಿದು, ಅರ್ಧ ಮೀನುಗಳ ಮೂಗಿಗೆ ಹತ್ತಿ ತುರುಕಿ, ಕವಲಿನ ಕೆಳಗೆ ಮತ್ತೆ ಬಿಟ್ಟರು. ಮೂಗು ತೆರೆದಿದ್ದವುಗಳಲ್ಲಿ ಬಹುಪಾಲು ತಮ್ಮ ಕವಲನ್ನೇ ಹಿಡಿದವು. ಮೂಗು ಮುಚ್ಚಿದವು ಸಿಕ್ಕ ದಾರಿ ಹಿಡಿದವು. ಸಮುದ್ರದ ನಡುವಿನಿಂದ ಕರಾವಳಿ ತನಕ ಬರಲು ಭೂಮಿಯ ಕಾಂತಕ್ಷೇತ್ರ ಸಹಾಯ ಮಾಡುತ್ತದೆ. ಕೊನೆಯ ದಾರಿ ಮೂಗಿನದು.

ಈಗ ಗಾಳಕ್ಕೆ ಬರೋಣ.

ಟ್ರೌಟ್ ಹಿಡಿಯುವುದು ಅಂದರೆ ಒಂದು ಲೆಕ್ಕ ಬಿಡಿಸುವುದು. ಹರಿವ ನೀರಿನಲ್ಲಿ ನಿಲ್ಲಲು ಮೀನಿಗೆ ಶಕ್ತಿ ಖರ್ಚಾಗುತ್ತದೆ. ಖರ್ಚಿಗಿಂತ ತಿಂದದ್ದು ಜಾಸ್ತಿ ಇದ್ದರೆ ಮಾತ್ರ ಬದುಕು. ಹಾಗಾಗಿ ಅದು ಸೆಳವು ಜೋರಾಗಿರುವ ಕಡೆ ನಿಲ್ಲುವುದಿಲ್ಲ, ಪೂರ್ತಿ ನಿಂತ ನೀರಿನಲ್ಲೂ ನಿಲ್ಲುವುದಿಲ್ಲ, ಎರಡೂ ಕೂಡುವ ಗಡಿಯಲ್ಲಿ ನಿಲ್ಲುತ್ತದೆ. ನಿಧಾನದ ನೀರಿನಲ್ಲಿ ಮೈ, ಪಕ್ಕದ ವೇಗದ ನೀರಿನಲ್ಲಿ ಹರಿದು ಬರುವ ಊಟದ ಮೇಲೆ ಕಣ್ಣು. ನೀರಿನ ಮೇಲೆ ನೊರೆ ಒಂದು ಗೆರೆಯಾಗಿ ಹರಿಯುತ್ತಿದ್ದರೆ ಅದೇ ಆ ಗಡಿ, ನೊರೆ ಹೋಗುವ ದಾರಿಯಲ್ಲೇ ಹುಳಗಳೂ ಹೋಗುತ್ತವೆ. ಬಂಡೆಯ ಹಿಂದೆ ಮೀನು ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಬಂಡೆಯ ಮುಂದೆಯೂ ನೀರು ಒತ್ತಿ ಮೆತ್ತಗಾಗುವ ಒಂದು ಗೇಣಿನ ಜಾಗವಿದೆ, ಒಳ್ಳೆಯ ಟ್ರೌಟ್ ಅಲ್ಲೂ ನಿಂತಿರುತ್ತದೆ. ಬಹಳ ಜನ ಅದನ್ನು ನೋಡದೆ ಅಲ್ಲೇ ಕಾಲಿಟ್ಟು ಮುಂದೆ ಹೋಗಿಬಿಡುತ್ತಾರೆ.

ಊಟ ಏನು? ಹೆಚ್ಚಿನ ಪಾಲು ನೀರಿನ ಹುಳಗಳು. ಮೇಫ್ಲೈಯನ್ನೇ ತೆಗೆದುಕೊಳ್ಳಿ. ಅದರ ಬದುಕಿನ ಬಹುಪಾಲು, ಎಷ್ಟೋ ಜಾತಿಗಳಲ್ಲಿ ಒಂದು ವರ್ಷ, ಕಲ್ಲಿನಡಿ ಮರಿಹುಳವಾಗಿ ಕಳೆಯುತ್ತದೆ. ಆಮೇಲೆ ಒಂದು ದಿನ ಮೇಲೆದ್ದು, ರೆಕ್ಕೆ ಬಿಚ್ಚಿ, ಒಂದೆರಡು ದಿನದಲ್ಲಿ ಜೋಡಿಯಾಗಿ, ಮೊಟ್ಟೆ ಇಟ್ಟು ಸತ್ತು ನೀರಿಗೆ ಬೀಳುತ್ತದೆ. ಆದ್ದರಿಂದಲೇ ಟ್ರೌಟ್ ಊಟದ ಹೆಚ್ಚಿನ ಭಾಗ ನೀರಿನೊಳಗೇ ನಡೆಯುತ್ತದೆ. ಫ್ಲೈ ಅಂದರೆ ಗಾಳದ ಮೇಲೆ ಗರಿ, ಕೂದಲು, ದಾರ ಸುತ್ತಿ ಮಾಡಿದ ಹುಳದ ನಕಲು. ಮರಿಹುಳದ ನಕಲಿಗೆ ನಿಂಫ್, ತೇಲುವ ಹುಳದ ನಕಲಿಗೆ ಡ್ರೈ ಫ್ಲೈ. ಮೀನು ನೀರಿನ ಮೇಲೆ ಬಾಯಿ ಹಾಕಿ ಉಂಗುರ ಎಬ್ಬಿಸುತ್ತಿದ್ದರೆ ತೇಲುವುದನ್ನು ಕಟ್ಟಿ, ಏನೂ ಕಾಣದಿದ್ದರೆ ಮುಳುಗುವುದನ್ನು. ನೂರು ಬಗೆಯ ಫ್ಲೈಗಳ ಡಬ್ಬಿಗಿಂತ ಅದು ಸಹಜವಾಗಿ ತೇಲಿ ಬರುವುದು ಮುಖ್ಯ. ನಿಮಗೂ ಮೀನಿಗೂ ನಡುವೆ ವೇಗದ ಹರಿವು ಇದ್ದರೆ ಅದು ದಾರವನ್ನು ಎಳೆಯುತ್ತದೆ, ದಾರ ಫ್ಲೈಯನ್ನು ಎಳೆಯುತ್ತದೆ, ಫ್ಲೈ ನೀರಿನ ಮೇಲೆ ಗೀರು ಎಳೆದುಕೊಂಡು ಓಡುತ್ತದೆ. ನಿಜವಾದ ಹುಳ ಹಾಗೆ ಓಡುವುದು ಅಪರೂಪ, ಟ್ರೌಟ್ ತಕ್ಷಣ ಬಿಟ್ಟುಬಿಡುತ್ತದೆ. ಇದಕ್ಕೆ ಮದ್ದು, ದಾರ ನೀರಿಗೆ ಬಿದ್ದ ಕೂಡಲೇ ಅದರ ನಡುಭಾಗವನ್ನು ಕೋಲಿನ ತುದಿಯಿಂದ ಎತ್ತಿ ನೀರು ಹರಿದು ಬರುವ ಮೇಲ್ಗಡೆಗೆ ಇಡುವುದು.

ಇನ್ನು ಮೀನಿಗೆ ನೀವು ಕಾಣದಿರಬೇಕು. ಇಲ್ಲಿ ಸ್ವಲ್ಪ ಭೌತಶಾಸ್ತ್ರ ಇದೆ, ಆದರೆ ಬಲು ಚಂದದ್ದು. ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ, ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲೆ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಸುತ್ತ ಉಳಿದದ್ದು ಕನ್ನಡಿ, ಅದರಲ್ಲಿ ಹೊಳೆಯ ತಳವೇ ಕಾಣುತ್ತದೆ. ಕಿಟಕಿಯ ಅಗಲ ಮೀನಿರುವ ಆಳದ ಎರಡೂಕಾಲು ಪಟ್ಟು. 60 ಸೆಂಟಿಮೀಟರ್ ಆಳದಲ್ಲಿದ್ದರೆ ಅದಕ್ಕೆ ಸುಮಾರು 136 ಸೆಂಟಿಮೀಟರ್ ಅಗಲದ ಆಕಾಶ. ಮೀನು ಮೇಲಕ್ಕೆ ಬಂದಷ್ಟೂ ಕಿಟಕಿ ಚಿಕ್ಕದಾಗುತ್ತದೆ, ಹಾಗಾಗಿ ಮೇಲ್ಪದರದಲ್ಲಿ ನಿಂತು ತಿನ್ನುವ ಮೀನಿಗೆ ಫ್ಲೈಯನ್ನು ಬಹಳ ಕರಾರುವಾಕ್ಕಾಗಿ ಅದರ ದಾರಿಯಲ್ಲೇ ಹಾಕಬೇಕು. ದಡದಲ್ಲಿ ನಿಂತ ನೀವು ಕಾಣುವುದು ಕಿಟಕಿಯ ಅಂಚಿನಲ್ಲಿ. ನೀರಿನ ಮಟ್ಟದಿಂದ ಸುಮಾರು 10 ಡಿಗ್ರಿ ಕೋನದ ಒಳಗಿರುವುದೆಲ್ಲ ಆ ಅಂಚಿನಲ್ಲಿ ಚಪ್ಪಟೆಯಾಗಿ, ಮಸುಕಾಗಿ ಹೋಗುತ್ತದೆ. ಲೆಕ್ಕ ಹಾಕಿದರೆ 10 ಮೀಟರ್ ದೂರದಲ್ಲಿ ಇದು ನೀರಿನಿಂದ ಮೇಲಕ್ಕೆ ಸುಮಾರು 1.8 ಮೀಟರ್‌ನಷ್ಟು. ಎತ್ತರದ ದಡದಲ್ಲಿ ನಿಂತರೆ ಸಿಕ್ಕಿಬಿದ್ದಿರಿ, ಮಂಡಿಯೂರಿದರೆ ಮರೆಯಾದಿರಿ. ಮೀನು ಸದಾ ಸೆಳವಿಗೆ ಎದುರಾಗಿ ನಿಲ್ಲುವುದರಿಂದ ಅದರ ಬೆನ್ನ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗುವುದು ಒಳ್ಳೆಯದು.

ಗಾಳ ಬೀಸುವ ಬಗ್ಗೆ ಒಂದೇ ಮಾತು. ಬೇರೆ ಕಡೆ ಗಾಳದ ತುದಿಯ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ತೂಕವೇ ಇಲ್ಲವಲ್ಲ, ಹಾಗಾಗಿ ಇಲ್ಲಿ ತೂಕ ದಾರದಲ್ಲೇ ಇರುತ್ತದೆ, ಚಾಟಿಯ ಹಾಗೆ ದಾರ ಸುರುಳಿ ಬಿಚ್ಚುತ್ತ ಫ್ಲೈಯನ್ನು ಕೊಂಡೊಯ್ಯುತ್ತದೆ. ತೋಳಿನ ಬಲ ಹಾಕಿದಷ್ಟೂ ಕೆಡುತ್ತದೆ.

ಈಗ ಸಾಲ್ಮನ್. ಮೇಲೆ ಹೇಳಿದ್ದರಲ್ಲಿ ಅರ್ಧ ಇಲ್ಲಿ ತಲೆಕೆಳಗಾಗುತ್ತದೆ.

ಅದಕ್ಕೆ ಊಟ ಬೇಡ, ಜೀರ್ಣಾಂಗವೇ ಕುಗ್ಗಿಹೋಗುತ್ತಿದೆ. ಸಮುದ್ರದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಅದು ಬದುಕುತ್ತಿದೆ, ಅದೇ ಕೊಬ್ಬಿನಿಂದ ಮೊಟ್ಟೆಯನ್ನೂ ಬೆಳೆಸುತ್ತಿದೆ. ಮತ್ತೆ ಯಾಕೆ ಕಚ್ಚುತ್ತದೆ? ಮೊನ್ನೆ ಮೊನ್ನೆಯವರೆಗೆ ಸಮುದ್ರದಲ್ಲಿ ಸಿಗಡಿ, ಸಣ್ಣ ಮೀನು ಬೆನ್ನಟ್ಟುತ್ತಿದ್ದ ಅಭ್ಯಾಸ ಇನ್ನೂ ಮೈಯಲ್ಲಿದೆ ಅನ್ನುವವರಿದ್ದಾರೆ. ತನ್ನ ಜಾಗಕ್ಕೆ ನುಗ್ಗಿದ್ದರ ಮೇಲಿನ ಸಿಟ್ಟು ಅನ್ನುವವರಿದ್ದಾರೆ. ಮರಿಯಾಗಿದ್ದಾಗಿನ ನೆನಪು ಅನ್ನುವವರೂ ಇದ್ದಾರೆ. ನನಗೆ ಮೊದಲನೆಯದು ಹೆಚ್ಚು ಒಪ್ಪಿಗೆ, ಯಾಕೆಂದರೆ ಸಮುದ್ರದಿಂದ ಆಗಷ್ಟೇ ಬಂದ ಬೆಳ್ಳಿಬಣ್ಣದ ಮೀನು ಸುಲಭವಾಗಿ ಬಾಯಿ ಹಾಕುತ್ತದೆ, ವಾರಗಟ್ಟಲೆ ಒಂದೇ ಮಡುವಿನಲ್ಲಿ ನಿಂತು ಕೆಂಪಗಾದ ಮೀನು ಫ್ಲೈಯನ್ನು ನೂರು ಸಲ ನೋಡಿಯೂ ಅಲುಗುವುದಿಲ್ಲ.

ಹಾಗಾಗಿ ಸಾಲ್ಮನ್ ಫ್ಲೈ ಯಾವ ಹುಳದ ನಕಲೂ ಆಗಬೇಕಿಲ್ಲ. ಹಳದಿ, ಕಿತ್ತಳೆ, ಕಪ್ಪು, ಮಿನುಗುವ ತಗಡಿನ ಎಳೆ, ಇವೆಲ್ಲ ಕಣ್ಣಿಗೆ ಹೊಡೆಯಲೆಂದೇ ಇರುತ್ತವೆ. ಟ್ರೌಟ್‌ಗೆ ಕೂಡದು ಅಂದ ಆ ಎಳೆತವೇ ಇಲ್ಲಿ ಬೇಕು. ಹೊಳೆಗೆ ಅಡ್ಡವಾಗಿ, ಸ್ವಲ್ಪ ಕೆಳಮುಖವಾಗಿ ದಾರ ಹಾಕಿ, ಸೆಳವು ಫ್ಲೈಯನ್ನು ಈ ದಡಕ್ಕೆ ತೂಗಿಕೊಂಡು ಬರಲು ಬಿಡಬೇಕು. ಆಮೇಲೆ ಒಂದೆರಡು ಹೆಜ್ಜೆ ಕೆಳಗೆ ಸರಿದು ಮತ್ತೆ ಹಾಕಬೇಕು. ಇಡೀ ಮಡುವನ್ನು ಹೀಗೆ ಗುಡಿಸಿದ ಹಾಗೆ ಮುಗಿಸುವುದು. ದೊಡ್ಡ ಹೊಳೆಗಳಲ್ಲಿ ಇದಕ್ಕೆ 12ರಿಂದ 15 ಅಡಿಯ, ಎರಡು ಕೈಯಲ್ಲಿ ಹಿಡಿಯುವ ಕೋಲು ಬೇಕು. ಹಿಂದೆ ಮರಗಳಿದ್ದಾಗ ದಾರವನ್ನು ಬೆನ್ನ ಹಿಂದೆ ಚಾಚದೆಯೇ ಬೀಸುವ 'ಸ್ಪೇ ಕಾಸ್ಟ್' ಸ್ಕಾಟ್ಲೆಂಡಿನ ಸ್ಪೇ ನದಿಯಿಂದ ಬಂದ ಹೆಸರು. ನೀರು 10 ಡಿಗ್ರಿಗಿಂತ ತಣ್ಣಗಿದ್ದರೆ ದೊಡ್ಡ ಫ್ಲೈ, ಆಳದಲ್ಲಿ, ನಿಧಾನವಾಗಿ. ಅದಕ್ಕಿಂತ ಬೆಚ್ಚಗಿದ್ದರೆ ಚಿಕ್ಕದು, ಮೇಲ್ಪದರದಲ್ಲಿ. ಇದು ಹಳೆಯ ನಿಯಮ, ಈಗಲೂ ಉಪಯೋಗಕ್ಕೆ ಬರುತ್ತದೆ.

ಎಲ್ಲಿ ನಿಲ್ಲುತ್ತದೆ ಅನ್ನುವುದೂ ಬೇರೆ. ಟ್ರೌಟ್ ಊಟ ಸಿಗುವಲ್ಲಿ ನಿಂತರೆ ಸಾಲ್ಮನ್ ದಣಿವಾರಿಸಿಕೊಳ್ಳುವಲ್ಲಿ ನಿಲ್ಲುತ್ತದೆ. ಜೋರು ಹರಿವನ್ನು ಹತ್ತಿ ಬಂದ ತಕ್ಷಣದ ಮಡುವಿನ ತುದಿ, ಮೆತ್ತಗೆ ಹರಿವ ಬಂಡೆಯ ಪಕ್ಕ. ಒಂದೇ ಬಂಡೆಯ ಬಳಿ ವರ್ಷ ವರ್ಷವೂ ಬೇರೆ ಬೇರೆ ಸಾಲ್ಮನ್ ಬಂದು ನಿಲ್ಲುತ್ತದೆ. ಇದಕ್ಕೇ ಹೊಳೆಯ ಹಳಬರ ಮಾತಿಗೆ ಅಷ್ಟು ಬೆಲೆ. ದಿನವೂ ಮುಖ್ಯ. ಸಣ್ಣ ಹೊಳೆಗಳಲ್ಲಿ ಮಳೆ ಬಿದ್ದು ನೀರು ಏರಿದಾಗ ಸಾಲ್ಮನ್ ಹೊರಡುತ್ತದೆ, ಕೆಸರು ಇಳಿದು ನೀರು ತಿಳಿಯಾಗುತ್ತ ತಗ್ಗುವ ಹೊತ್ತಿಗೆ ಅಲ್ಲಲ್ಲಿ ನಿಲ್ಲುತ್ತದೆ. ಆ ಕೆಲವು ಗಂಟೆಗಳೇ ಎಲ್ಲ.

ಮೀನು ಬಾಯಿ ಹಾಕಿದಾಗ ಏನು ಮಾಡಬೇಕು ಅನ್ನುವುದು ಎಲ್ಲಕ್ಕಿಂತ ಕಷ್ಟದ ಪಾಠ. ತೇಲುವ ಫ್ಲೈಯನ್ನು ಟ್ರೌಟ್ ನುಂಗಿದರೆ ಕೋಲು ಎತ್ತಬೇಕು, ತಡ ಮಾಡಿದರೆ ಅದು ಉಗುಳುತ್ತದೆ. ಸಾಲ್ಮನ್‌ಗೆ ಹಾಗೆ ಎತ್ತಿದರೆ ಬಾಯಿಂದಲೇ ಕಿತ್ತುಕೊಂಡ ಹಾಗೆ. ಅದು ಫ್ಲೈ ಹಿಡಿದು ತಿರುಗಲಿ, ದಾರ ಬಿಗಿಯಾಗಲಿ, ತಿರುಗುವಾಗ ಗಾಳ ತಾನೇ ಬಾಯಿಯ ಮೂಲೆಗೆ ಸಿಕ್ಕುತ್ತದೆ. ಆ ಒಂದೆರಡು ಕ್ಷಣ ಕೈ ಕಟ್ಟಿ ಕೂರುವುದು ಟ್ರೌಟ್ ಹಿಡಿದು ಬೆಳೆದವರಿಗೆ ನಿಜಕ್ಕೂ ಹಿಂಸೆ.

1922ರ ಅಕ್ಟೋಬರ್ 7ರಂದು ಜಾರ್ಜಿನಾ ಬ್ಯಾಲಂಟೈನ್ ಸ್ಕಾಟ್ಲೆಂಡಿನ ಟೇ ನದಿಯಲ್ಲಿ 64 ಪೌಂಡ್, ಅಂದರೆ 29 ಕಿಲೋ ತೂಕದ ಸಾಲ್ಮನ್ ಹಿಡಿದರು. ಕೋಲಿನಲ್ಲಿ ಹಿಡಿದ ಬ್ರಿಟನ್ನಿನ ಅತಿ ದೊಡ್ಡ ಸಾಲ್ಮನ್ ಇಂದಿಗೂ ಅದೇ. ಅಂಥ ಮೀನುಗಳು ಹೊಳೆಗೆ ಬರುವುದು ಈಗ ತೀರಾ ಕಡಿಮೆ. 2023ರ ಡಿಸೆಂಬರಿನಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅಳಿವಿನ ಅಪಾಯ ಅಳೆಯುವ ತನ್ನ ಕೆಂಪು ಪಟ್ಟಿಯಲ್ಲಿ ಅಟ್ಲಾಂಟಿಕ್ ಸಾಲ್ಮನ್ ಅನ್ನು ಅಪಾಯದ ಅಂಚಿಗೆ ಹತ್ತಿರವಿರುವ ಮೀನುಗಳ ಸಾಲಿಗೆ ಸೇರಿಸಿತು. ಬ್ರಿಟನ್ನಿನ ಸಾಲ್ಮನ್‌ಗಳನ್ನು ನೇರವಾಗಿ ಅಳಿವಿನ ಅಪಾಯದ ಪಟ್ಟಿಗೇ ಹಾಕಿತು. ಸ್ಕಾಟ್ಲೆಂಡಿನಲ್ಲಿ 2016ರಿಂದ ಸಾಲ್ಮನ್ ನದಿಗಳಿಗೆ ವರ್ಷಾವರ್ಷ ದರ್ಜೆ ಕೊಡುತ್ತಾರೆ. ಕೆಳಗಿನ ದರ್ಜೆಯ ನದಿಯಲ್ಲಿ ಹಿಡಿದ ಪ್ರತಿ ಸಾಲ್ಮನ್ ಅನ್ನೂ ವಾಪಸ್ ಬಿಡಲೇಬೇಕು. ನನ್ನ ಮಟ್ಟಿಗೆ ಕಾನೂನು ಹೇಳದ ಕಡೆಯೂ ಹಾಗೇ ಮಾಡಬೇಕು. ಮೊಟ್ಟೆ ಇಡುವ ಮೊದಲು ಒಂದು ಹೆಣ್ಣನ್ನು ಕೊಂದರೆ ಸಾವಿರಾರು ಮೊಟ್ಟೆ ಹೋದವು. ಪೆಸಿಫಿಕ್ ಸಾಲ್ಮನ್‌ಗಳಿಗಂತೂ ಇರುವುದು ಅದೊಂದೇ ಅವಕಾಶ, ಮೊಟ್ಟೆ ಇಟ್ಟು ಅವು ಸಾಯುತ್ತವೆ. ಅಟ್ಲಾಂಟಿಕ್ ಸಾಲ್ಮನ್‌ಗಳಲ್ಲಿ ಕೆಲವು ಮಾತ್ರ ಬದುಕಿ, ಬಡಕಲಾಗಿ ಸಮುದ್ರಕ್ಕೆ ಮರಳಿ, ಇನ್ನೊಮ್ಮೆ ಬರುತ್ತವೆ.

ಬಿಡುವುದನ್ನೂ ಸರಿಯಾಗಿ ಮಾಡಬೇಕು, ಅಲ್ವಾ? ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಇರಬಾರದು, ಇದ್ದರೆ ಇಕ್ಕಳದಿಂದ ಒತ್ತಿಬಿಡಿ. ಗಟ್ಟಿ ದಾರ ಕಟ್ಟಿ ಬೇಗ ದಡಕ್ಕೆ ತನ್ನಿ, ಗಂಟೆಗಟ್ಟಲೆ ಆಡಿಸಿ ದಣಿಸಬೇಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ, ಅದೇ ಅದಕ್ಕೆ ರೋಗದಿಂದ ಕಾವಲು. ಫೋಟೋಗೆಂದು ನೀರಿನಿಂದ ಎತ್ತಿ ಹಿಡಿಯುವ ಪ್ರತಿ ಕ್ಷಣವೂ ಅದಕ್ಕೆ ಉಸಿರು ಕಟ್ಟಿದ ಕ್ಷಣ. ಸೆಳವಿಗೆ ಮುಖ ಮಾಡಿಸಿ, ಹೊಟ್ಟೆಯ ಕೆಳಗೆ ಮೆತ್ತಗೆ ಆಸರೆ ಕೊಟ್ಟು, ತಾನಾಗಿ ಬಾಲ ಬೀಸಿ ಹೋಗುವ ತನಕ ಕಾಯಿರಿ. ತಣ್ಣನೆಯ ನೀರಿನಲ್ಲಿ ಹೀಗೆ ಬಿಟ್ಟ ಸಾಲ್ಮನ್‌ಗಳಲ್ಲಿ ಬಹುಪಾಲು ಬದುಕಿ ಮೊಟ್ಟೆ ಇಡುತ್ತವೆ.

ತಣ್ಣನೆಯ ನೀರು ಅಂದೆ, ಅದಕ್ಕೆ ಕಾರಣವಿದೆ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 20 ಡಿಗ್ರಿಗೆ ಅದು 9.1ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈ ಬಿಸಿಯಾಗಿ ಇನ್ನೂ ಹೆಚ್ಚು ಆಮ್ಲಜನಕ ಕೇಳುತ್ತದೆ. ಅಂಥ ನೀರಿನಲ್ಲಿ ಹಿಡಿದ ಮೀನು ಚೆನ್ನಾಗಿಯೇ ಈಜಿ ಹೋದ ಹಾಗೆ ಕಂಡರೂ ಆಮೇಲೆ ಸಾಯಬಹುದು. ಜೇಬಿನಲ್ಲಿ ಒಂದು ಥರ್ಮಾಮೀಟರ್ ಇರಲಿ. 20 ಡಿಗ್ರಿ ತಲುಪಿದರೆ ಗಾಳ ಮಡಚಿ ಮನೆಗೆ ಹೋಗಿ.

ಹೊಳೆಗೇ ದಾರಿ ಬಿಟ್ಟುಕೊಟ್ಟರೆ ಮೀನು ಎಷ್ಟು ಬೇಗ ಬರುತ್ತದೆ ಅನ್ನುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ವಾಷಿಂಗ್ಟನ್ನಿನ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಒಡೆದರು. ಕ್ಯಾಲಿಫೋರ್ನಿಯಾ ಮತ್ತು ಆರೆಗಾನ್‌ನಲ್ಲಿ ಹರಿಯುವ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ಒಡೆಯುವ ಕೆಲಸ 2024ರಲ್ಲಿ ಮುಗಿಯಿತು, ಅದೇ ಅಕ್ಟೋಬರಿನಲ್ಲಿ ನೂರು ವರ್ಷಕ್ಕೂ ಹಿಂದೆ ಮುಚ್ಚಿದ್ದ ಮೇಲಿನ ನೀರಿಗೆ ಚಿನೂಕ್ ಸಾಲ್ಮನ್ ಹತ್ತಿ ಬಂದಿತ್ತು. ಆ ಮೀನು ಆ ನೀರಿನಲ್ಲಿ ಹುಟ್ಟಿದ್ದಲ್ಲ. ಪ್ರತಿ ಗುಂಪಿನಲ್ಲೂ ಹುಟ್ಟೂರಿಗೆ ಹೋಗದೆ ಬೇರೆ ಕವಲು ಹಿಡಿಯುವ ಕೆಲವು ಇದ್ದೇ ಇರುತ್ತವೆ. ಎಲ್ಲವೂ ಮೂಗನ್ನೇ ನಂಬಿದ್ದರೆ ಹೊಸ ಹೊಳೆಗೆ ಸಾಲ್ಮನ್ ಯಾವತ್ತೂ ಬರುತ್ತಲೇ ಇರಲಿಲ್ಲ.

ಚಳಿ ಶುರುವಾದ ಮೇಲೆ ಹೊಳೆಗಿಳಿದು ನಡೆಯುವವರು ಮಡುವಿನ ಕೆಳತುದಿ ನೋಡಿ, ನೀರು ತೆಳುವಾಗಿ ವೇಗ ಹಿಡಿಯುವ ಜಾಗ. ಸುತ್ತಲಿನ ಕಲ್ಲುಗಳ ಮೇಲೆ ಪಾಚಿಗಟ್ಟಿ ಕಪ್ಪಾಗಿರುತ್ತದೆ, ನಡುವೆ ಒಂದು ಚಾಪೆಯಷ್ಟಗಲ ಜಲ್ಲಿ ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿರುತ್ತದೆ. ಮೊದಲು ಒಂದು ತಗ್ಗು, ಅದರ ಕೆಳಗೆ ಒಂದು ದಿಬ್ಬ. ಮೊಟ್ಟೆಗಳು ಆ ದಿಬ್ಬದೊಳಗಿವೆ. ದಡ ಹತ್ತಿ, ಸುತ್ತು ಹಾಕಿ, ಮೇಲ್ಗಡೆ ಇಳಿಯಿರಿ.